ದಾರಿ ಕೇಳುವ ಪಾಠ

ಲಂಡನ್ನಿಗೆ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಒಬ್ಬರೇ ಒಬ್ಬ ಅಪರಿಚಿತರನ್ನು ನಾನು ದಾರಿ ಕೇಳಿರಲಿಲ್ಲ ಎಂದರೆ, ಇವಳಿಗೆ ಊರೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ ಎಂದುಕೊಳ್ಳಬೇಡಿ. ಕೇಳಲು ಹೆದರಿಕೆ, ಅಷ್ಟೆ. ಒಮ್ಮೆ ಸ್ಟ್ರಾಟ್‌ಫರ್ಡಿನ ಆ ದೊಡ್ಡ ಮಾಲಿನೊಳಗೆ ಹೊಕ್ಕವಳು ಟ್ಯೂಬ್ ಸ್ಟೇಷನ್ನಿನ ಕಡೆಯ ಬಾಗಿಲು ಸಿಗದೆ ಒಂದೂವರೆ ಗಂಟೆ ಸುತ್ತಿದ್ದೇನೆ. ಒಂದೇ ಚಪ್ಪಲಿ ಅಂಗಡಿಯ ಮುಂದೆ ನಾಲ್ಕನೆಯ ಸಲ ಹಾದುಹೋದಾಗ ಒಳಗಿದ್ದ ಹುಡುಗಿ ಪರಿಚಯದ ನಗೆ ನಕ್ಕಳು. ಅವಳನ್ನೇ ಕೇಳಬಹುದಿತ್ತು. ನಾನೂ ನಕ್ಕೆ. ಬೇಕೆಂದೇ ಅಲ್ಲಿಗೆ ಬಂದವಳಂತೆ ಒಂದು ಜೊತೆ ಬೂಟು ಎತ್ತಿ ನೋಡಿ, ಕೆಳಗಿಟ್ಟು, ಮತ್ತೆ ಸುತ್ತಲು ಹೊರಟೆ.

ಫೋನಿನ ಕತೆಯೂ ಇದೇ. ಜಿಪಿಗೆ, ಅಂದರೆ ನಮ್ಮ ಬಡಾವಣೆಯ ಡಾಕ್ಟರಿಗೆ, ಫೋನ್ ಮಾಡಬೇಕೆಂದರೆ ಹೇಳಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಆ ಕಡೆಯಿಂದ ‘ಹಲೋ’ ಬಂದದ್ದೇ ತಡ, ಚೀಟಿಯ ಮೇಲಿನ ಅಕ್ಷರಗಳೆಲ್ಲ ಇರುವೆಗಳಾಗಿ ಹರಿದಾಡುತ್ತವೆ.

ಇಂಥವಳಿಗೆ ಸಿಕ್ಕ ಕೆಲಸ ಯಾವುದು ಗೊತ್ತೆ? ವಾಯವ್ಯ ಲಂಡನ್ನಿನ ಒಂದು ಶಾಲೆಯಲ್ಲಿ, ಕಲಿಕೆ ನಿಧಾನವಾಗಿರುವ ಹದಿನಾರು ದಾಟಿದ ಮಕ್ಕಳಿಗೆ ಬದುಕುವುದನ್ನು ಕಲಿಸುವುದು. ಪಠ್ಯದ ಹೆಸರು ಲೈಫ್ ಸ್ಕಿಲ್ಸ್. ನಾನು ಸಹಾಯಕ ಶಿಕ್ಷಕಿ. ಕೆಟಲ್‌ನಲ್ಲಿ ನೀರು ಕಾಯಿಸುವುದು, ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದು, ಸಾಲಿನಲ್ಲಿ ನಿಲ್ಲುವುದು, ಕಂಡಕಂಡವರನ್ನೆಲ್ಲ ತಬ್ಬಿಕೊಳ್ಳದೆ ಒಂದು ತೋಳಿನಷ್ಟು ದೂರದಿಂದ ನಮಸ್ಕಾರ ಹೇಳುವುದು. ಇಷ್ಟಕ್ಕೇ ನಿಂತಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಆದರೆ ಕಳೆದ ವರ್ಷ ನಮ್ಮ ತರಗತಿಯ ಮುಖ್ಯ ಶಿಕ್ಷಕಿ ಪಾಮೆಲಾ ನನ್ನನ್ನು ಕರೆದು, “ದಾರಿ ತಪ್ಪಿದರೆ ಅಪರಿಚಿತರ ಸಹಾಯ ಕೇಳುವುದು ಹೇಗೆ, ಆ ಪಾಠ ನಿಮ್ಮದು” ಎಂದುಬಿಟ್ಟರು.

ಹೆದರುವವರ ಮೇಲೆ ಹಾವು ಎಸೆದರು ಎನ್ನುತ್ತಾರಲ್ಲ, ಹಾಗಾಯಿತು. ಸಂಜೆ ಮನೆಯಲ್ಲಿ ವಿಷಯ ಹೇಳಿದರೆ, ಧಾರವಾಡದವರಾದ ನನ್ನ ಯಜಮಾನರು ತಿನ್ನುತ್ತಿದ್ದ ಚಪಾತಿ ಕೈಯಲ್ಲೇ ಹಿಡಿದು ನಕ್ಕರು. “ನೀ ಕಲಸ್ತೀಯೇನ? ಅದನ್ನ? ಮದ್ಲ ನಿನಗ ಯಾರರೆ ಕಲಸ್ಬೇಕಾಗೇದ!”

ಆದರೂ ಕಲಿಸಿದೆ. ನಾಲ್ಕು ಹೆಜ್ಜೆಯ ಪಾಠ ಮಾಡಿ, ಗೋಡೆಗೆ ಚಿತ್ರ ಅಂಟಿಸಿದೆ. ನಿಂತುಕೋ, ಓಡಬೇಡ. ಹತ್ತಿರದ ಅಂಗಡಿಗೆ ಹೋಗಿ, ಹೆಸರಿನ ಬ್ಯಾಡ್ಜ್ ಹಾಕಿಕೊಂಡವರನ್ನು ನೋಡು. ನಿನ್ನ ಹೆಸರು ಹೇಳಿ, ಏನಾಗಿದೆ ಎಂದು ಒಂದೇ ವಾಕ್ಯದಲ್ಲಿ ಹೇಳು. ಶಾಲೆಗೆ ಫೋನ್ ಮಾಡಿ, ಅಲ್ಲೇ ಕಾಯಿ. ಪಾಮೆಲಾ ಟೋಪಿ ಹಾಕಿಕೊಂಡು ಅಂಗಡಿಯವರಾಗುತ್ತಿದ್ದರು, ಮಕ್ಕಳು ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದರು. ಈ ಒಂಬತ್ತು ಮಕ್ಕಳಲ್ಲಿ ಜೋವಿಟಾ ಎಂಬ ಹದಿನೇಳರ ಹುಡುಗಿ ಒಂದು ಬೇರೆಯೇ ಜಾತಿ. ಒಂದು ಮಾತು ಅವಳ ತಲೆಗೆ ಇಳಿಯಲು ವಾರಗಳು ಬೇಕು. ಇಳಿದ ಮೇಲೆ ಕ್ರೇನು ತಂದರೂ ಎಬ್ಬಿಸಲಾಗದು.

ಜೋವಿಟಾಳ ತಾಯಿ ಲವೀನಾ ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ನರು. ಪಿನ್ನರಿನಲ್ಲಿ ಮನೆ, ಅಲ್ಲೇ ವೃದ್ಧರ ಕೇರ್ ಹೋಮಿನಲ್ಲಿ ಕೆಲಸ. ಗಂಡ ತೀರಿಕೊಂಡು ಆರು ವರ್ಷ. ಮಗಳನ್ನು ಪ್ರತಿದಿನ ತಾವೇ ಶಾಲೆಗೆ ತಂದುಬಿಟ್ಟು, ತಾವೇ ಕರೆದೊಯ್ಯುತ್ತಿದ್ದರು. ಜೋವಿಟಾ ಒಬ್ಬಳೇ ಬಸ್ಸಿನಲ್ಲಿ ಮನೆಗೆ ಹೋಗುವುದನ್ನು ಕಲಿಯಲಿ ಎಂದು ಶಾಲೆ ಸೂಚಿಸಿದಾಗ ಅವರು ಒಪ್ಪಿಗೆಯ ಫಾರಮ್ಮನ್ನು ಮುಟ್ಟಲೂ ಇಲ್ಲ. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಒಪ್ಪಿಸುವ ಕೆಲಸವೂ ನನ್ನ ತಲೆಗೇ ಬಂತು.

“ಇದೆಲ್ಲ ಬೇಡ ಟೀಚರೇ,” ಎಂದರು ಲವೀನಾ. “ನಾನೇ ಬಂದು ಕರ್ಕೊಂಡು ಹೋಗ್ತೇನೆ. ಇಷ್ಟು ವರ್ಷ ಹೋಗ್ಲಿಲ್ವಾ?”

“ಇನ್ನೂ ಎಷ್ಟು ವರ್ಷ ಲವೀನಾ ಅವರೇ?” ಎಂದೆ.

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದು ಅವರು ದಿನವೂ ತಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವರು ನನ್ನ ಕೈಯಿಂದಲೇ ಪೆನ್ನು ತೆಗೆದುಕೊಂಡರು. ಸಹಿ ಹಾಕಿ, “ನಿಮ್ಮ ಮಾತಿನ ಮೇಲೆ ಕಳಿಸ್ತಿದ್ದೇನೆ. ನನಗೆ ಇರುವುದು ಇವಳೊಬ್ಬಳೇ” ಎಂದರು.

ಗುರುವಾರ ಗುರುವಾರ ನಮ್ಮ ಬಸ್ ಪ್ರಯಾಣ ಶುರುವಾಯಿತು. ಮೊದಲು ಅವಳ ಪಕ್ಕದಲ್ಲಿ ಕೂತೆ. ಆಮೇಲೆ ಎರಡು ಸೀಟು ಹಿಂದೆ. ಆರನೆಯ ಗುರುವಾರ ಅವಳು ಕೆಳಗೆ ಬಾಗಿಲ ಬಳಿ, ನಾನು ಮೇಲಿನ ಅಂತಸ್ತಿನಲ್ಲಿ. ಅವಳು ತನ್ನ ಸ್ಟಾಪಿನಲ್ಲಿ ತಾನೇ ಇಳಿಯಬೇಕು, ನಾನು ದೂರದಿಂದ ಹಿಂಬಾಲಿಸಬೇಕು.

ಅಂದು ಮೇಲೆ ಕೂತು ನಾನು ಹೆದರಿಕೆಯ ಬಗ್ಗೆಯೇ ಯೋಚಿಸುತ್ತಿದ್ದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಎಷ್ಟೊಂದು ಅಳತೆಗಳಿವೆ! ಅಳುಕು ಎಂಬುದು ಚಿಕ್ಕದು, ಒಂದು ಲೋಟ ನೀರು ಕುಡಿದರೆ ಹೋಗುತ್ತದೆ. ಅಂಜಿಕೆಯಲ್ಲಿ ಕೊಂಚ ಮರ್ಯಾದೆ ಬೆರೆತಿದೆ. ದೇವರಿಗೆ, ಗುರುಹಿರಿಯರಿಗೆ ಅಂಜುತ್ತೇವೆ. ದಿಗಿಲು ಹೊಟ್ಟೆಯಲ್ಲಿ ವಾಸಿಸುತ್ತದೆ. ಭಯ ಸಂಸ್ಕೃತದ ಮನೆಯಿಂದ ಬಂದದ್ದು, ಹಾಗಾಗಿ ಅದಕ್ಕೆ ನವರಸಗಳಲ್ಲಿ ಒಂದು ಕುರ್ಚಿಯೂ ಸಿಕ್ಕಿದೆ. ಕೈಕಾಲು ನಡುಗುವುದು, ಬಾಯಿ ಒಣಗುವುದು, ದನಿ ಒಡೆಯುವುದು ಎಂದು ಹಿಂದಿನ ಪಂಡಿತರು ಅದರ ಲಕ್ಷಣಗಳನ್ನು ಚೆನ್ನಾಗಿಯೇ ಪಟ್ಟಿ ಮಾಡಿದ್ದಾರೆ. ಇವರಿಗೆ ಇದೆಲ್ಲ ಅನುಭವವಿತ್ತೋ, ನಟರನ್ನು ನೋಡಿ ಬರೆದರೋ ಎಂದು ನಾನು ತಮಾಷೆಯಾಗಿ ಲೆಕ್ಕ ಹಾಕುತ್ತಿದ್ದಾಗಲೇ ಧ್ವನಿವರ್ಧಕದ ಹೆಂಗಸು ಮಾತಾಡಿದಳು. ಈ ಬಸ್ಸು ಹೋಗುವ ಜಾಗ ಬದಲಾಗಿದೆಯಂತೆ. ಮುಂದಿನ ಸೂಚನೆ ಕೇಳಬೇಕಂತೆ.

ಈ ಊರಿನಲ್ಲಿ ಇದು ಹೊಸದಲ್ಲ. ಆದರೆ ನಮ್ಮ ನಾಲ್ಕು ಹೆಜ್ಜೆಗಳಲ್ಲಿ ಇದನ್ನು ನಾನು ಸೇರಿಸಿರಲಿಲ್ಲ. ಮುಂದೆ ಎಲ್ಲೋ ರಸ್ತೆ ಮುಚ್ಚಿದ್ದರಿಂದ ಬಸ್ಸು ಅಲ್ಲೇ ನಿಂತಿತು. ಎಲ್ಲರೂ ಇಳಿಯಬೇಕಾಯಿತು. ಶಾಲೆ ಬಿಟ್ಟ ಹೊತ್ತು. ಬ್ಯಾಗು ಹೊತ್ತ ಹುಡುಗರ ದಂಡು ಮೆಟ್ಟಿಲಿನ ಬಾಯಲ್ಲಿ ಸಿಕ್ಕಿಕೊಂಡಿತು. ಅವರ ಹಿಂದೆ ನಾನು. ಹೇಗೋ ತೂರಿಕೊಂಡು ಕೆಳಗೆ ಬಂದರೆ ಬಾಗಿಲ ಬಳಿಯ ಸೀಟು ಖಾಲಿ.

ಫುಟ್‌ಪಾತಿನಲ್ಲಿ ಜಿನುಗು ಮಳೆ, ಬರೀ ಕೊಡೆಗಳು. ಜೋವಿಟಾ ಹಾಕಿಕೊಂಡಿದ್ದ ಹಳದಿ ಜಾಕೆಟ್ ಎಲ್ಲೂ ಇಲ್ಲ. ಅಷ್ಟರಲ್ಲಿ ನಮ್ಮ ಹಿಂದಿದ್ದ ಇನ್ನೊಂದು ಬಸ್ಸು, ಎಲ್ಲೋ ಬೇರೆ ಕಡೆಗೆ ಹೋಗುವಂಥದ್ದು, ಬಾಗಿಲು ಮುಚ್ಚಿ ಹೊರಟಿತು. ಅದರ ಕೆಂಪು ಬೆನ್ನನ್ನೇ ನೋಡುತ್ತ ನಿಂತೆ. ಜೋವಿಟಾ ಅದರಲ್ಲಿದ್ದರೆ?

ನಾನು ಓಡಿದೆ. ಬಸ್ಸಿನ ಹಿಂದೆ, ನನ್ನ ವಯಸ್ಸು, ಮಂಡಿನೋವು ಯಾವುದನ್ನೂ ನೆನೆಯದೆ ಓಡಿದೆ. ಅದು ತಿರುವಿನಲ್ಲಿ ಮರೆಯಾದ ಮೇಲೆ ಕಂಬ ಹಿಡಿದು ನಿಂತು ಅವಳಿಗೆ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಶಾಲೆಗೆ ಮಾಡಿದೆ. ಅದೂ ಎಂಗೇಜ್. ಯಾರೋ ಅವಳ ಫೋನ್ ಕಿತ್ತುಕೊಂಡಿದ್ದಾರೆ ಎಂದು ಮನಸ್ಸು ಹೇಳಿತು. ಆಮೇಲೆ ಅದು ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಪರದೆಯ ಮೇಲೆ ಲವೀನಾ ಅವರ ಹೆಸರು ತಂದುಕೊಂಡೆ. ಹೆಬ್ಬೆರಳು ಒತ್ತಲಿಲ್ಲ. ಏನೆಂದು ಹೇಳಲಿ? ನಿಮಗಿರುವ ಒಬ್ಬಳನ್ನು ಕಳೆದುಬಿಟ್ಟೆ ಎನ್ನಲೆ?

ನಾಯಿ ಹಿಡಿದುಕೊಂಡು ಒಬ್ಬ ಮುದುಕ ಎದುರಿಗೆ ಬರುತ್ತಿದ್ದ. ಅವನ ಮುಂದೆ ಹೋಗಿ ನಿಂತೆ. ಬಾಯಿ ತೆರೆದರೆ ಬಂದದ್ದು ಕನ್ನಡ. “ಹುಡುಗೀನ ನೋಡಿದ್ರಾ? ಹಳದಿ ಜಾಕೆಟ್...”

ಅವನು ತಲೆ ಬಾಗಿಸಿ ಕಿವಿಗೊಟ್ಟ. “ನಿಧಾನಕ್ಕೆ ಹೇಳಮ್ಮ.”

ಇಂಗ್ಲಿಷು ಚೂರುಚೂರಾಗಿ ಬಂತು. ಹದಿನೇಳು ವರ್ಷ. ಕನ್ನಡಕ. ಬಸ್ಸಿನಲ್ಲಿದ್ದಳು. ಅವನು ನೋಡಿರಲಿಲ್ಲ, ಆದರೆ ಬಿಟ್ಟೂ ಹೋಗಲಿಲ್ಲ. “ನಾನು ಈ ಬದಿ ನೋಡ್ತೀನಿ, ನೀವು ಆ ಬದಿ” ಎಂದು ನಾಯಿಯನ್ನು ಎಳೆದುಕೊಂಡು ಹೊರಟೇಬಿಟ್ಟ. ಆಮೇಲೆ ನಾನು ತರಕಾರಿ ಅಂಗಡಿಯವನನ್ನು ಕೇಳಿದೆ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿದ್ದ ತಾಯಿಯನ್ನು ಕೇಳಿದೆ, ಸಿಗರೇಟು ಸೇದುತ್ತ ನಿಂತಿದ್ದ ಇಬ್ಬರು ಗಾರೆಯವರನ್ನು ಕೇಳಿದೆ. ಯಾರೂ ನನ್ನನ್ನು ತಿನ್ನಲಿಲ್ಲ. ಯಾರಿಗೂ ಅವಳು ಕಂಡಿರಲೂ ಇಲ್ಲ.

ಆಗ ರಸ್ತೆಯಾಚೆಯ ಔಷಧಿ ಅಂಗಡಿಯಿಂದ ಬಿಳಿಕೋಟಿನ ಹೆಂಗಸೊಬ್ಬಳು ಹೊರಬಂದು ಆ ಕಡೆ ಈ ಕಡೆ ಕಣ್ಣಾಡಿಸಿದಳು. ನನ್ನನ್ನು ನೋಡಿ ಕೈಬೀಸಿ, ರಸ್ತೆ ದಾಟಿ ಬಂದಳು.

“ನೀವು ಜೋವಿಟಾಳ ಮಿಸ್ಸಾ?”

ಹೌದೆಂದು ತಲೆಯಾಡಿಸಿದೆ.

“ಸದ್ಯ! ನಿಮ್ಮನ್ನೇ ಹುಡುಕ್ತಾ ಇದ್ದೀವಿ, ಬನ್ನಿ.”

ಒಳಗೆ, ಔಷಧಿಗಾಗಿ ಕಾಯುವವರ ಕುರ್ಚಿಯಲ್ಲಿ ಜೋವಿಟಾ ಬೆನ್ನು ನೇರ ಮಾಡಿ ಕೂತಿದ್ದಳು. ತುಟಿ ಬಿಳಿಚಿತ್ತು. ಕಿವಿಗೆ ಫೋನ್. ನನ್ನನ್ನು ಕಂಡವಳೇ ಫೋನಿನೊಳಕ್ಕೆ ಹೇಳಿದಳು: “ಸಿಕ್ಕಿದ್ರು, ಮಿಸ್ ಪಾಮೆಲಾ. ಅಳ್ತಾ ಇದ್ದಾರೆ. ಪೆಟ್ಟೇನೂ ಆಗಿಲ್ಲ.”

ಆಮೇಲೆ ಅಂಗಡಿಯಾಕೆ ಎಲ್ಲ ವಿವರಿಸಿದಳು. ಬಸ್ಸಿನಿಂದ ಇಳಿದವರ ನೂಕುನುಗ್ಗಲಿನಲ್ಲಿ ಜೋವಿಟಾ ನೇರ ಎದುರಿನ ಈ ಅಂಗಡಿಗೆ ಬಂದಳಂತೆ. ಬ್ಯಾಡ್ಜ್ ಓದಿ, ಒಂದು ತೋಳಿನಷ್ಟು ದೂರ ನಿಂತು, “ನನ್ನ ಹೆಸರು ಜೋವಿಟಾ. ನಮ್ಮ ಟೀಚರ್ ಕಳೆದುಹೋಗಿದ್ದಾರೆ” ಎಂದಳಂತೆ. ಒಂದೇ ವಾಕ್ಯ ಎಂಬ ನಿಯಮವನ್ನು ಮುರಿದು ಇನ್ನೊಂದನ್ನೂ ಸೇರಿಸಿದಳಂತೆ: “ಅವರಿಗೆ ತುಂಬಾ ನಾಚಿಕೆ, ಯಾರನ್ನೂ ಏನೂ ಕೇಳಲ್ಲ, ದಯವಿಟ್ಟು ನೀವೇ ಹೋಗಿ ನೋಡಿ.” ಆಮೇಲೆ ಶಾಲೆಗೆ ಫೋನ್ ಹಚ್ಚಿ ಕೂತವಳು ನಾನು ಸಿಗುವವರೆಗೂ ಇಟ್ಟಿರಲಿಲ್ಲ.

ಅವಳ ಮುಂದೆ ಮೊಣಕಾಲೂರಿ ಕೂತೆ. ಅವಳು ನನ್ನ ಭುಜ ತಟ್ಟಿ, ಸ್ವಲ್ಪ ಬೇಸರದಿಂದಲೇ, “ಮಿಸ್, ಯಾಕೆ ಓಡಿದ್ರಿ? ಓಡಬಾರ್ದು” ಎಂದಳು. ಗಾಜಿನ ಬಾಗಿಲಿಂದ ನಾನು ಓಡಿದ್ದು ಅವಳಿಗೆ ಕಂಡಿತ್ತು.

ಲವೀನಾ ಅವರಿಗೆ ತಾವೇ ತಿಳಿಸುವುದಾಗಿ ಪಾಮೆಲಾ ಫೋನಿನಲ್ಲಿ ಹೇಳಿದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಉಳಿದ ದಾರಿ ಇಬ್ಬರೂ ನಡೆದೇ ಹೋದೆವು. ಅಷ್ಟೊತ್ತು ಅವಳು ಸಿಗಲಿ ಎಂದು ಮೊರೆಯಿಟ್ಟವಳಿಗೆ, ಈಗ ಅವಳ ಮನೆಯೇ ಸಿಗದಿರಲಿ ಎನ್ನಿಸುತ್ತಿತ್ತು. ಹೆದರಿಕೆಗೆ ನಾಚಿಕೆಯಿಲ್ಲ ನೋಡಿ, ಒಂದು ಮುಗಿಯುವ ಮೊದಲೇ ಇನ್ನೊಂದು ಹಾಜರು.

ಲವೀನಾ ಕಿಟಕಿಯಲ್ಲೇ ನಿಂತಿದ್ದರು. ಬಾಗಿಲಲ್ಲೇ ಎಲ್ಲ ಹೇಳಿದೆ. ಒಂದಕ್ಷರ ಬಿಡದೆ, ಓಡಿದ್ದೂ ಸೇರಿಸಿ ಹೇಳಿದೆ. ಅವರು ಹಿಂದಕ್ಕೆ ಸರಿದು ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಎಷ್ಟು ಹೊತ್ತು?”

“ಹದಿನೈದು ನಿಮಿಷ ಆಗಿರಬೇಕು.”

ಅವರು ಮಗಳ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಕೇಳಿದರು. ನನಗೆ ಕೊಂಕಣಿ ಬಾರದು, ಆದರೆ ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಯಾವುದೆಂದು ಗೊತ್ತು. ಜೋವಿಟಾ ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಮೊದಲು ತುಂಬ ಹೆದರಿಕೆಯಾಯಿತಂತೆ. ಆಮೇಲೆ ಮಿಸ್ಸನ್ನು ಹುಡುಕುವ ಕೆಲಸ ಬಂತಂತೆ.

ಲವೀನಾ ಸೆರಗಿಲ್ಲದ ತಮ್ಮ ಯೂನಿಫಾರ್ಮಿನ ತೋಳಿನಲ್ಲೇ ಕಣ್ಣೊರೆಸಿಕೊಂಡರು. “ನಿಮಗೆ ಬೈಬೇಕು ಅಂತ ಉಂಟು ಟೀಚರೇ. ಬಾಯಿಯವರೆಗೆ ಬಂದಿತ್ತು. ಆದ್ರೆ ನಿಮ್ಮ ಕೈ ನೋಡಿ, ಇನ್ನೂ ನಡುಗ್ತಾ ಉಂಟು.” ಮಗಳ ಒದ್ದೆ ಜಾಕೆಟ್ಟಿನ ಜಿಪ್ ಬಿಚ್ಚುತ್ತ ಹೇಳಿದರು, “ಹೆದರದವರ ಕೈಯಲ್ಲಿ ನಾನು ಇವಳನ್ನು ಕೊಡುದಿಲ್ಲ.” ಆಮೇಲೆ ಎದ್ದು ಚಹಾಕ್ಕೆ ನೀರಿಟ್ಟರು. ಲೋಟ ಕೈಗೆ ಕೊಡುತ್ತ, “ಬರುವ ಗುರುವಾರ ಎಷ್ಟು ಗಂಟೆ ಬಸ್ಸು?” ಎಂದು ಕೇಳಿದರು.

ಶಾಲೆಯಲ್ಲಿ ವರದಿ ಬರೆದೆ. ನಿಯಮ ಬದಲಾಯಿತು, ಹಿಂಬಾಲಿಸುವವರು ಇನ್ನು ಮೇಲಿನ ಅಂತಸ್ತಿಗೆ ಹತ್ತುವಂತಿಲ್ಲ. ಬಸ್ಸು ಅರ್ಧದಲ್ಲಿ ನಿಂತರೆ ಏನು ಮಾಡಬೇಕೆಂಬುದು ಪಾಠಕ್ಕೆ ಸೇರಿತು. ಅದನ್ನು ತರಗತಿಗೆ ಹೇಳಿಕೊಟ್ಟವಳು ಜೋವಿಟಾ. ಟೀಚರ್ ಕಳೆದುಹೋದರೆ ಅಳಬೇಡಿ, ಅವರು ಹೆಚ್ಚು ದೂರ ಹೋಗಿರುವುದಿಲ್ಲ ಎಂದು ಅವಳು ಗಂಭೀರವಾಗಿ ಹೇಳಿದಾಗ ಉಳಿದ ಎಂಟೂ ಮಕ್ಕಳು ನನ್ನತ್ತ ತಿರುಗಿ ಮರುಕದಿಂದ ನೋಡಿದರು.

ಈಸ್ಟರ್ ರಜೆ ಮುಗಿದ ಮೇಲೆ ಒಂದು ಗುರುವಾರ ಅವಳು ನಿಜವಾಗಿಯೂ ಒಬ್ಬಳೇ ಹೊರಟಳು. ಬಸ್ಸಿನಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ, ನಾನು ಶಾಲೆಯಲ್ಲೇ. ಪಾಮೆಲಾ ಕಾಫಿ ತಂದಿಟ್ಟರು, ಅದು ಆರಿಹೋಯಿತು. ಗೋಡೆಯ ಚಿತ್ರಗಳನ್ನು ನೇರ ಮಾಡಿದೆ, ನೇರವಾಗಿದ್ದವನ್ನು ಸೊಟ್ಟ ಮಾಡಿ ಮತ್ತೆ ನೇರ ಮಾಡಿದೆ. ನಲವತ್ತು ನಿಮಿಷದ ದಾರಿ. ನಲವತ್ತೈದಾಯಿತು. ಐವತ್ತಾಗುವ ಹೊತ್ತಿಗೆ ಫೋನ್ ಸಣ್ಣಗೆ ಗುಂಯ್‌ಗುಟ್ಟಿತು. ಜೋವಿಟಾಳ ಸಂದೇಶ.

“ಮನೆಗೆ ಬಂದೆ ಮಿಸ್. ಇನ್ನು ನೀವು ಕೂತ್ಕೊಳ್ಳಿ.”

ಕೂತೆ.