ಐಸು ನೀರಾದ ದಿನ

ಬೆಳಗಿನ ಐದೂವರೆ. ವಿಜಾಪುರದ ಸೊಲ್ಲಾಪುರ ರಸ್ತೆಯ ಐಸಿನಂಗಡಿ ಮುಂದೆ ಲಾಡಲೇಸಾಬ ಕುಕ್ಕರಗಾಲಲ್ಲಿ ಕೂತು ಐಸು ಒಡೆಯುತ್ತಿದ್ದಾರೆ. ಚೂರುಗಳನ್ನು ಥರ್ಮಾಸಿಗೆ ತುಂಬಿ, ನಡುವೆ ರಕ್ತದ ನಾಲ್ಕು ಸೀಸೆ ಇಳಿಸಿ, ಬೆರಳು ಹಾಕಿ ತಂಪು ನೋಡುತ್ತಾರೆ. ಆರರ ಬಸ್ಸಿಗೆ ಸೊಲ್ಲಾಪುರದ ಲ್ಯಾಬಿಗೆ ಹೊರಡಬೇಕು. ಊರಿನ ಆಸ್ಪತ್ರೆಯೊಂದರಲ್ಲಿ ಇವರು ಜವಾನ. ಹನ್ನೊಂದು ವರ್ಷದಿಂದ ವಾರಕ್ಕೆರಡು ಸಲ ಇದೇ ದಾರಿ. ಪೇಪರಿಗೆ ಬರೆಯುವ ನಾನು ಪಕ್ಕದಲ್ಲಿ ನಿಂತು ಇವರ ಮಾತು ಕೇಳುತ್ತಿದ್ದೇನೆ. ರಕ್ತ ಒಯ್ದವನ ಹೆಸರು ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ ಬಿಡಿ.

ಇವತ್ತಿನದರಲ್ಲಿ ಒಂದು ಸೀಸೆ ಅರಕೇರಿಯ ಭಾಗಪ್ಪನದು. ವಯಸ್ಸಾದ ಗಂಡಸರಿಗೆ ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿ ಉಚ್ಚೆ ಕಟ್ಟುತ್ತದೆ. ಅದನ್ನು ಕೊಯ್ದು ತೆಗೆಯುತ್ತಾರೆ; ಭಾಗಪ್ಪನಿಗೂ ತೆಗೆದಿದ್ದಾರೆ. ಆಮೇಲೆ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಅನ್ನುವ ಕಿಣ್ವ ಎಷ್ಟಿದೆ ಅಂತ ನೋಡುತ್ತಾರೆ. ನಾಲ್ಕರೊಳಗೆ ಇಳಿದರೆ ನೆಮ್ಮದಿ, ಏರಿದರೆ ಒಳಗೆ ಕ್ಯಾನ್ಸರಿನ ಗುಮಾನಿ. ಆದರೆ ರಕ್ತ ಬಿಸಿಲಿಗೆ ಕಾಯ್ದರೆ ಅಂಕಿ ಸುಳ್ಳುಸುಳ್ಳೇ ಇಳಿದುಬಿಡುತ್ತದೆ.

ಇದನ್ನು ಲಾಡಲೇಸಾಬರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ತಂಪಾಗಿ ಒಯ್ಯಿ ಅಂದಿದ್ದರು, ಅಷ್ಟೇ. ಎಪ್ಪತ್ತಾರನೇ ಇಸವಿಯ ಮೇ ತಿಂಗಳಲ್ಲಿ ಬಸ್ಸು ಕೆಟ್ಟು ನಾಲ್ಕು ತಾಸು ನಿಂತಿತು. ಐಸೆಲ್ಲ ನೀರಾಯಿತು. ಸೀಸೆಗಳನ್ನು ಹಾಗೇ ಕೊಟ್ಟು ಬಂದರು. ಅವುಗಳಲ್ಲಿ ಇದೇ ಗ್ರಂಥಿ ತೆಗೆಸಿಕೊಂಡಿದ್ದ ಸಾರವಾಡದ ಗೊಲ್ಲಾಳಪ್ಪನ ರಕ್ತವಿತ್ತು. ಅಂಕಿ ಎರಡೂವರೆ ಅಂತ ಬಂತು. ಹೆಂಡತಿ ರೇಣುಕವ್ವ ವಾರ್ಡಿಗೆಲ್ಲ ಪೇಢೆ ಹಂಚಿ, ಇವರ ಕೈಗೂ ಎರಡು ಇಟ್ಟಳು.

"ತಿಂದ್ನಿರಿ. ಐಸ್ ಕರಗಿದ್ದು ಹೇಳಿದ್ರ ನೌಕರಿ ಹೋಗ್ತೈತಿ ಅಂತ ಸುಮ್ನ ತಿಂದ್ನಿ."

ಎಂಟು ತಿಂಗಳಿಗೆ ಗೊಲ್ಲಾಳಪ್ಪ ಚಕ್ಕಡಿಯಲ್ಲಿ ಮಲಗಿ ಬಂದ. ಕ್ಯಾನ್ಸರ್ ಸೊಂಟದ ಎಲುಬಿಗೆ ಇಳಿದಿತ್ತು. ಹಳೆಯ ರಿಪೋರ್ಟು ನೋಡಿದ ಡಾಕ್ಟರು, ರಕ್ತ ದಾರಿಯಲ್ಲೇ ಕೆಟ್ಟಿರಬೇಕು ಅಂತ ಗೊಣಗಿದ್ದು ಪಕ್ಕದಲ್ಲಿ ನಿಂತಿದ್ದ ಇವರ ಕಿವಿಗೆ ಬಿತ್ತು. ಮೂರು ವಾರಕ್ಕೆ ಗೊಲ್ಲಾಳಪ್ಪ ತೀರಿಕೊಂಡ.

ಈಗ ಐಸು ಕರಗಿದರೆ ಲಾಡಲೇಸಾಬ ಸೀಸೆ ಕೊಡುವುದಿಲ್ಲ. ತಿರುಗಿ ಬಂದು, ಇನ್ನೊಮ್ಮೆ ತೆಗೀರಿ ಅನ್ನುತ್ತಾರೆ. ಹೋದ ವರ್ಷ ಹೀಗೆ ಆರು ಸಲ. ಡಾಕ್ಟರೂ ಬೈಯುತ್ತಾರೆ, ರೋಗಿಗಳೂ ಬೈಯುತ್ತಾರೆ.

ರೇಣುಕವ್ವ ಮಾತ್ರ ಬೈದಿಲ್ಲ. ಸಾರವಾಡಕ್ಕೆ ಹೋದರೆ, ನಮ್ಮವರ ಸಲುವಾಗಿ ಓಡಾಡಿದಾವ ಅಂತ ಬಿಸಿ ರೊಟ್ಟಿ ಬಡಿದು ನೀಡುತ್ತಾಳೆ. ನಿಜ ಹೇಳಲೆಂದೇ ಇವರು ನಾಲ್ಕು ಸಲ ಹೋಗಿದ್ದಾರೆ. ನಾಲ್ಕು ಸಲವೂ ಉಂಡು ಬಂದಿದ್ದಾರೆ. ಕೇಳಿ ನನಗೆ ಸಿಟ್ಟೂ ಬಂತು, ಮರುಕವೂ ಬಂತು.

ಇದನ್ನೆಲ್ಲ ಬರೆಯಲೋ ಬೇಡವೋ ಅಂತ ಕೇಳುತ್ತೇನೆ. ಬಸ್ಸು ಹೊರಡುತ್ತಿದೆ. ಥರ್ಮಾಸನ್ನು ತೊಡೆಯ ಮೇಲೆ ಅವಚಿಕೊಂಡೇ ಕಿಟಕಿಯಿಂದ ಹೇಳುತ್ತಾರೆ:

"ನನ್ನ ಹೆಸರು ಹಾಕಿ ಬರೀರಿ. ರೇಣುಕವ್ವಗ ಆಕಿ ಮಗಳು ಪೇಪರ ಓದಿ ಹೇಳ್ತಾಳ. ಮುಂದಿನ ಸಲ ಆಕಿ ರೊಟ್ಟಿ ನೀಡಲಿಲ್ಲಂದ್ರ, ಗೊತ್ತಾಗೇತಿ ಅಂತ ತಿಳ್ಕೋತೀನಿ."