ಬೆನ್ನಿಗೆ ಕ್ಲಿಪ್ ಹಾಕಿದ ಕೋಟು

ಡಾಂಬರ್ ಗುಳಿಗೆ, ಹಳೆಯ ಬೆವರು, ಅದನ್ನು ಮುಚ್ಚಲು ಹೊಡೆದ ಸೆಂಟು. ಕಳೆದ ವಾರ ಲಿಂಗಸುಗೂರಿನ ಒಂದು ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ದ್ವಿತೀಯ ಪಿಯು ಫಲಿತಾಂಶ ಇನ್ನೂ ಬಂದಿರಲಿಲ್ಲ. ಹೆಚ್ಚು ಅಂಕ ಬರಬಹುದಾದ ವಿದ್ಯಾರ್ಥಿಗಳ ಫೋಟೊಗಳನ್ನು ಮೊದಲೇ ತರಿಸಿಟ್ಟುಕೊಳ್ಳುವುದು ನಮ್ಮ ಪತ್ರಿಕೆಯ ರೂಢಿ. ಫಲಿತಾಂಶದ ದಿನ ಪುಟ ತಡವಾಗಬಾರದು. ವರದಿಗಾರ್ತಿಯಾಗಿ ನಾನು ಅದೇ ಕೆಲಸದ ಮೇಲೆ ಹೋಗಿದ್ದೆ.

ಗುರುಗುಂಟಾದ ಹುಡುಗಿಯೊಬ್ಬಳು ಕಾಲೇಜಿನ ಕಪ್ಪು ಕೋಟು ಹಾಕಿಕೊಂಡು ನಿಂತಿದ್ದಳು. ಕೋಟು ಅವಳಿಗೆ ದೊಡ್ಡದಾಗಿತ್ತು. ಉಪನ್ಯಾಸಕಿಯೊಬ್ಬರು ಅದನ್ನು ಹಿಂದಿನಿಂದ ಹಿಡಿದೆಳೆದು, ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದರು. ಮುಂದಿನಿಂದ ನೋಡಿದರೆ ಅವಳಿಗೆಂದೇ ಹೊಲಿಸಿದಂತಿತ್ತು.

ನಮ್ಮೂರು ಸಿಂಧನೂರಿನ ಫೋಟೊ ಸ್ಟುಡಿಯೋ ಚಾಚಾ ನೆನಪಾದರು...

ಬಸ್ ನಿಲ್ದಾಣದಿಂದ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗುವ ದಾರಿಯಲ್ಲಿ ಅವರ ಅಂಗಡಿಯಿತ್ತು. ಭತ್ತದ ಲಾರಿಗಳು ಹೋದಾಗಲೆಲ್ಲ ಶೋಕೇಸಿನ ಗಾಜು ನಡುಗುತ್ತಿತ್ತು. ಊರಿನ ಮದುವೆ, ಪಾಸ್‌ಪೋರ್ಟ್ ಅಳತೆಯ ಫೋಟೊಗಳ ಜೊತೆಗೆ ಕಾಲೇಜಿನ ಬ್ಯಾನರ್ ಫೋಟೊಗಳೂ ಅವರವೇ. ಫಲಿತಾಂಶ ಬಂದ ಮೇಲೆ ಬ್ಯಾನರ್ ಮುದ್ರಿಸುವವರು ಯಾರ ಕೈಗೂ ಸಿಗುತ್ತಿರಲಿಲ್ಲ. ಹಾಗಾಗಿ ನಮ್ಮ ಕಾಲೇಜಿನವರು, ಟಾಪ್ ಬರುತ್ತಾರೆಂದು ತಾವು ನಂಬಿದವರನ್ನು ಪರೀಕ್ಷೆ ಮುಗಿದ ಕೂಡಲೇ ಚಾಚಾನ ಬಳಿಗೆ ಕಳಿಸುತ್ತಿದ್ದರು. ಆ ವರ್ಷ ಅವರಲ್ಲಿ ನಾನೂ ಇದ್ದೆ.

ಎಲ್ಲರೂ ನಂಬಿದ್ದರು, ನನ್ನನ್ನು ಬಿಟ್ಟು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಒಂದು ಗೆರೆ ಸೊಟ್ಟಗಾದರೆ ಹಾಳೆ ಕಿತ್ತು ಮತ್ತೆ ಬರೆಯುತ್ತಿದ್ದವಳು ನಾನು. ಕಿರುಪರೀಕ್ಷೆಯಲ್ಲಿ ಒಂದು ಅಂಕ ಹೋದರೆ ಊಟ ಸೇರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೂ ಬರೆದ ಉತ್ತರಗಳನ್ನು ಮನಸ್ಸಿನಲ್ಲೇ ತಿದ್ದುತ್ತ, ಅಂಕ ಕಳೆಯುತ್ತ ಕೂರುತ್ತಿದ್ದೆ.

ಅಪ್ಪ ಬಸ್ ಕಂಡಕ್ಟರ್. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ ಬಸ್ಸಿನ ದಿನದ ಪ್ರಯಾಣಿಕರಿಗೆಲ್ಲ ನನ್ನ ಓದಿನ ವಿಷಯ ಗೊತ್ತಿತ್ತು. ಆ ದಿನ ಡ್ಯೂಟಿಯ ಖಾಕಿಯಲ್ಲೇ ನನ್ನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರು.

"ಚಂದ ಬರಬೇಕು ನೋಡ್ರಿ ಚಾಚಾ. ಬಸ್ ಸ್ಟ್ಯಾಂಡ್ ಮುಂದ ಕಟ್ಟತಾರಂತ."

"ರಿಸಲ್ಟ್ ಬಂತೇನ್ರಿ, ಕಂಡಕ್ಟರ್ ಸಾಹೇಬ್ರ?"

"ಟಿಕೆಟ್ ಹರದೈತಿ ರೀ. ಸ್ಟಾಪ್ ಬರೋದಷ್ಟ ಬಾಕಿ."

ಚಾಚಾ ನಗುತ್ತ ಮೊಳೆಯಿಂದ ಕೋಟು ತೆಗೆದರು. ಇದ್ದದ್ದು ಒಂದೇ ಕೋಟು, ಗಟ್ಟಿಮುಟ್ಟಾದ ಗಂಡಸಿನ ಅಳತೆಯದು. ಊರಿನ ಟಾಪರುಗಳೆಲ್ಲ ಅದನ್ನೇ ತೊಟ್ಟವರು. ಡಾಂಬರ್ ಗುಳಿಗೆ, ಬೆವರು, ಸೆಂಟಿನ ಆ ವಾಸನೆ ಅದರದೇ. ಬೆನ್ನಿಗೆ ಸಾಲಾಗಿ ಕ್ಲಿಪ್ ಹಾಕಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ನನ್ನ ತಲೆ ತಾನಾಗಿ ಕೆಳಗೆ ಹೋಗುತ್ತಿತ್ತು.

"ಗದ್ದ ಎತ್ತು ಬೇಟಿ. ರಿಸಲ್ಟ್ ನೆಲದ ಮ್ಯಾಲ ಬಿದ್ದಿಲ್ಲ. ಉಸರ ಬಿಡು. ಕೋಟಷ್ಟ ನಂದು, ಉಸರು ನಿಂದ ಐತಿ."

ಫೋಟೊ ಆಯಿತು. ಕ್ಲಿಪ್ ಬಿಚ್ಚುವಾಗ ಒಂದು ಚಿಮ್ಮಿ ಹಾರಿ ಅಪ್ಪನ ಅಂಗಿಯ ಜೇಬಿಗೆ ಬಿತ್ತು. ಅಪ್ಪ ಚಿಲ್ಲರೆ ಹುಡುಕುವವರ ಹಾಗೆ ಜೇಬಿನಲ್ಲಿ ಕೈಯಾಡಿಸತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಚಾಚಾ ಅದನ್ನೂ ಕ್ಲಿಕ್ಕಿಸಿ, "ಇದು ಫುಕಟ್" ಎಂದರು. ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಅಷ್ಟೇ ಇರಬೇಕು...

ಫಲಿತಾಂಶ ಬಂತು. ಡಿಸ್ಟಿಂಕ್ಷನ್ ಇತ್ತು. ಬ್ಯಾನರಿಗೆಂದು ಕಾಲೇಜು ಎಳೆದಿದ್ದ ಗೆರೆಗಿಂತ ಸ್ವಲ್ಪ ಕೆಳಗೆ. ಇಂದು ಇಷ್ಟೇ ವಾಕ್ಯಗಳಲ್ಲಿ ಬರೆಯಬಹುದಾದ ಸುದ್ದಿ ಅದು. ಅಂದು ನಾನು ಕೋಣೆ ಸೇರಿ ಬಾಗಿಲಿಗೆ ಪರದೆ ಎಳೆದುಕೊಂಡೆ. ಬಸ್ ನಿಲ್ದಾಣದ ಮುಂದೆ ಬ್ಯಾನರ್ ಏರಿತು. ಅದರಲ್ಲಿ ಅದೇ ಕೋಟು ಮತ್ತೆ ಮತ್ತೆ ಇತ್ತು, ನನ್ನ ಮುಖ ಇರಲಿಲ್ಲ. ಅಪ್ಪನ ಬಸ್ಸಿನಲ್ಲಿ ಯಾರೋ ಕೇಳಿದರಂತೆ: "ಏನ್ರೀ ಕಂಡಕ್ಟರ್, ಮಗಳ ಸ್ಟಾಪ್ ಇನ್ನಾ ಬರಲಿಲ್ಲೇನು?" ಅಪ್ಪ ಇದನ್ನು ಅಮ್ಮನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಡಿಪೋದಲ್ಲಿ ಕೇಳಿಕೊಂಡು ಬೇರೆ ರೂಟಿಗೆ ಹೋದರು.

ಅದೇ ವಾರ ಚಾಚಾ ಮನೆಗೆ ಬಂದರು. ಪರದೆಯ ಹಿಂದೆ ಕೂತು ಕೇಳಿಸಿಕೊಂಡೆ.

"ಬೇಟಿ ಅದಾಳೇನ್ರಿ?"

"ಮಲಗ್ಯಾಳ ರೀ ಚಾಚಾ," ಅಂದರು ಅಪ್ಪ.

"ರಿಸಲ್ಟ್ ಬಂದಾಗಿಂದ ಮಲಗ್ಯಾಳಂತ. ಏಳಸ್ರಿ. ಫೋಟೋ ಕೊಡಾಕ ಬಂದೀನಿ."

"ಈಗ ಯಾಕ ರೀ ಫೋಟೋ... ಬ್ಯಾನರ್ ಆಗಲಿಲ್ಲಲ್ಲ."

"ಬ್ಯಾನರಿಂದಲ್ಲ ರೀ. ನಕ್ಕಾಳಲ್ಲ, ಅದು."

ಒಳಗಿನಿಂದ ನಾನು, "ಬ್ಯಾಡಂತ ಹೇಳಪ್ಪ" ಎಂದೆ. ಚಾಚಾ ಪರದೆಯ ಕಡೆಗೆ ತಿರುಗಿ ಹೇಳಿದರು: "ಹಂಗಾರ ನನ್ನ ಹತ್ರ ಇರ್ತೈತಿ. ಯಾವಾಗರ ಬಂದು ಒಯ್ಯಿ, ಬೇಟಿ."

ಅವರು ಅದನ್ನು ಶೋಕೇಸಿನಲ್ಲಿ ಇಟ್ಟರಂತೆ. ಅಮ್ಮ ಸಂತೆಗೆ ಹೋಗಿ ಬಂದು, "ಭಾಳ ಚಂದ ಬಂದೈತಿ, ಒಮ್ಮೆ ನೋಡಿ ಬಾ" ಎಂದಳು. ನನಗೆ ಮಾತ್ರ ಸೋತ ಹುಡುಗಿಯೊಬ್ಬಳು ನಡುಬಜಾರಿನಲ್ಲಿ ಹಲ್ಲು ಕಿರಿದು ನಿಂತಂತೆ ಅನಿಸಿತು. ಗಂಜಿನ ದಾರಿ ಬಿಟ್ಟು ಕಾಲುವೆಯ ಕಡೆಯಿಂದ ಸುತ್ತು ಹಾಕಿ ಓಡಾಡಿದೆ. ಡಿಗ್ರಿಗೆಂದು ಕಲಬುರಗಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಅಂಗಡಿ ಕಂಡಿತು. ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಚಾಚಾ ಹೊರಗೆ ಸ್ಟೂಲಿನ ಮೇಲೆ ಕೂತಿದ್ದರು. ನಾನು ತಲೆ ತಗ್ಗಿಸಿದೆ.

ಚಾಚಾ ತೀರಿಕೊಂಡ ಸುದ್ದಿಯನ್ನು ಅಪ್ಪ ಫೋನಿನಲ್ಲಿ ಹೇಳಿದರು. ನಾನು ಕೆಲಸಕ್ಕೆ ಸೇರಿ ಊರಿಗೆ ಮರಳಿದಾಗ ಅಲ್ಲಿ ಮೊಬೈಲ್ ಅಂಗಡಿಯಿತ್ತು. ಶೋಕೇಸಿನ ಫೋಟೊಗಳು ಎಲ್ಲಿ ಹೋದವೆಂದು ಯಾರಿಗೂ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ನಾನು ನಕ್ಕರೆ ಹೇಗೆ ಕಾಣುತ್ತಿದ್ದೆನೋ... ಬಜಾರಿಗೆ ಹೋದವರೆಲ್ಲ ನೋಡಿದ್ದಾರೆ. ನಾನು ನೋಡಿಲ್ಲ.

ಲಿಂಗಸುಗೂರಿನ ಆ ಸ್ಟಾಫ್ ರೂಮಿನಲ್ಲಿ ಹುಡುಗಿಯ ಫೋಟೊ ತೆಗೆದೆ. ಅವಳು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಮೇಡಂ ರೀ, ಅಷ್ಟು ಮಾರ್ಕ್ಸ್ ಬರಲಿಲ್ಲಂದ್ರ ಫೋಟೋ ಡಿಲೀಟ್ ಮಾಡ್ತೀರಲ್ಲ?"

"ಸುಮ್ನಿರು ಬೇ, ಯಾಕ ಬರಂಗಿಲ್ಲ?" ಎಂದರು ಉಪನ್ಯಾಸಕಿ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಚಾಚಾ ಇದ್ದಿದ್ದರೆ ಏನಾದರೂ ಅಂದು ನಗಿಸುತ್ತಿದ್ದರು, ಇನ್ನೊಂದು ಫೋಟೊ ತೆಗೆಯುತ್ತಿದ್ದರು. ನನ್ನ ಕೈಯಲ್ಲೂ ಕ್ಯಾಮೆರಾ ಇತ್ತು.

"ಮಾಡ್ತೀನಿ" ಎಂದೆ.

ಅವಳಿಗೆ ಸಮಾಧಾನವಾಯಿತು. ಕೋಟು ಬಿಚ್ಚಿ, ಅದನ್ನೂ ಕ್ಲಿಪ್‌ಗಳನ್ನೂ ಜೋಪಾನವಾಗಿ ಮುಂದಿನವಳ ಕೈಗೆ ಕೊಟ್ಟಳು. ಸಿಂಧನೂರಿಗೆ ವಾಪಸು ಬರುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಅಲ್ಲಿಂದಲೇ ಫೋಟೊಗಳನ್ನು ಡೆಸ್ಕಿಗೆ ಕಳಿಸಿದೆ. ಕಳಿಸುವ ಮೊದಲು, ಕೆಲಸದ ನಿಯಮದಂತೆ, ಒಂದೊಂದನ್ನೂ ತೆರೆದು ನೋಡಿದೆ. ಎಲ್ಲರಿಗೂ ಕೋಟು ಸರಿಯಾಗಿ ಹೊಂದಿತ್ತು.