ಎಂಜಲು ತಾಕಿದ ಹಲ್ಲು

ಎಂಬತ್ತರ ದಶಕದ ನಡುವಿನ ಮಾತು. ದೊಡ್ಡ ಮಗಳ ಕೆಳದವಡೆಯ ಹಲ್ಲೊಂದನ್ನು ಕೀಳಿಸಿದಾಗ ಅವಳಿಗೆ ಒಂಬತ್ತು ವರ್ಷ. ಅದು ಹಾಲುಹಲ್ಲು, ತಾನಾಗಿ ಬೀಳುತ್ತದೆ ಎಂದುಕೊಂಡು ನಾವು ಒಂದು ವರ್ಷ ಲವಂಗ ಇಟ್ಟು ಕಾಲ ತಳ್ಳಿದ್ದೆವು. ಪೊಂಗಲ್ ಮುಗಿದ ವಾರದಲ್ಲಿ ಕೆನ್ನೆ ಊದಿ ಕಣ್ಣೇ ಮುಚ್ಚುವ ಹಾಗಾದಾಗ ಕೋಯಮತ್ತೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಿತ್ತ ಹಲ್ಲನ್ನು ಅವಳು ಕಾಗದದಲ್ಲಿ ಸುತ್ತಿ ಮನೆಗೆ ತಂದಳು. ಅತ್ತೆ ಪದ್ಧತಿಯಂತೆ ಅದನ್ನು ಸಗಣಿ ಉಂಡೆಯೊಳಗಿಟ್ಟು, ಹೊಸ ಹಲ್ಲು ಬರಲಿ ಎಂದು ಸೂರಿನ ಮೇಲೆ ಎಸೆದರು. ಇನ್ನು ಬರುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿಯಾಗಿತ್ತು. ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಆ ಜಾಗ ನೋಡಿಕೊಳ್ಳುತ್ತಿದ್ದಳು.

ಡಾಕ್ಟರು ಕೋಯಮತ್ತೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ನಾನು ಮಗಳನ್ನು ಗದರಿಸಿದ್ದು ಕೇಳಿ ತಮಿಳು ಬಿಟ್ಟು ನಮ್ಮ ಮಾತಿಗೆ ಇಳಿದಿದ್ದರು. ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ನಾಲ್ಕು ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತವೆ, ಅವು ಕೊನೆಯವರೆಗೆ ಇರಬೇಕಾದವು, ಜನ ಅವನ್ನೂ ಹಾಲುಹಲ್ಲೆಂದು ಎಣಿಸಿ ಕಳೆದುಕೊಳ್ಳುತ್ತಾರೆ ಎಂದು ವಿವರಿಸಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಏಳು ವರ್ಷದ ಎರಡನೆಯವಳೂ ಇದ್ದಾಳೆ ಅಂದಾಗ, ಅವಳ ಹಲ್ಲು ಕೆಡುವ ಮೊದಲೇ ಕರೆತನ್ನಿ ಅಂದರು. ದವಡೆ ಹಲ್ಲಿನ ನೆತ್ತಿಯಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವಂತೆ. ಅವನ್ನು ಮುಚ್ಚುವ ಹಾಗೆ ಒಂದು ಲೇಪ ಹಾಕಿದರೆ ಸಿಹಿ ಒಳಗೆ ಇಳಿದು ಕೂರುವುದಿಲ್ಲವಂತೆ.

ನಮಗೆ ಬೇಕಾಗಿದ್ದೂ ಅದೇ. ನಮ್ಮೂರು ಮಡತ್ತುಕುಳಂ ಸುತ್ತ ಅಮರಾವತಿ ಹೊಳೆಯ ನೀರಿಗೆ ಎಲ್ಲಿ ನೋಡಿದರೂ ಕಬ್ಬು. ಆಲೆಮನೆಯ ಬಿಸಿ ಬೆಲ್ಲ ತಿನ್ನಬೇಡ ಎಂದು ನಮ್ಮ ಬೀದಿಯ ಮಕ್ಕಳಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಅತ್ತೆಗೆ ಮಾತ್ರ ಈ ಲೇಪದ ಮಾತು ಹಿಡಿಸಲಿಲ್ಲ. ನೋವೇ ಇಲ್ಲದ ಹಲ್ಲಿಗೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರಾ ಎಂದು ಎರಡು ದಿನ ಗೊಣಗಿದರು. ನೋವು ಬಂದ ಮೇಲೆ ಹೋಗಿ ಗಳಿಸಿದ್ದೇನು ಎಂದು ನಾನೂ ಬಿಡಲಿಲ್ಲ.

ಇಲ್ಲಿ ನಮ್ಮ ಕೆಲಸದ ಬಗ್ಗೆ ಹೇಳಬೇಕು. ನಮ್ಮದು ಕೈಮಗ್ಗದ ಮನೆ. ನಾನೂ ತವರಿನಲ್ಲೇ ನೇಯ್ಗೆ ಕಲಿತು ಬಂದವಳು. ಹಾಸುನೂಲಿನಲ್ಲಿ ಎಳೆ ಕಡಿದರೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಎರಡು ತುದಿಗಳನ್ನು ಹೊಸೆದು ಕೂಡಿಸುತ್ತೇವೆ. ನೂಲಿನ ಮೇಲೆ ಹತ್ತಿಯ ಚೂರು ಕೂತರೂ ಅದೇ ಒದ್ದೆ ಬೆರಳಲ್ಲಿ ಎತ್ತುತ್ತೇವೆ. ಅಡುಗೆಮನೆಯಲ್ಲಿ ಯಾರಾದರೂ ಎಂಜಲು ಕೈ ತಾಕಿಸಿದರೆ ಅತ್ತೆ ಪಾತ್ರೆಯನ್ನೇ ಹಿತ್ತಲಿಗೆ ಹಾಕುತ್ತಿದ್ದರು. ಮಗ್ಗದ ಗುಂಡಿಗೆ ಇಳಿದರೆ ಅವರ ಬೆರಳೂ ನಾಲಿಗೆಯ ಮೇಲೇ. ಮದುವೆ ಸೀರೆಯಾದರೂ ಅಷ್ಟೇ. ಅದನ್ನು ನಾವು ಎಂಜಲು ಎಂದು ಎಣಿಸಿದವರೇ ಅಲ್ಲ.

ಮುಂದಿನ ತಿಂಗಳು ಚಿಕ್ಕವಳನ್ನು ಕರೆದುಕೊಂಡು ಹೋದಾಗ ಡಾಕ್ಟರ ಸಹಾಯಕಿ ರಜೆ ಹಾಕಿದ್ದಳು. ಕೈ ತೊಳೆದುಕೊಂಡು ಬಂದು, ಕೆನ್ನೆಗೂ ಹಲ್ಲಿಗೂ ನಡುವೆ ಹತ್ತಿಯನ್ನು ಒತ್ತಿ ಹಿಡಿದುಕೊಳ್ಳಲು ಡಾಕ್ಟರು ನನಗೇ ಹೇಳಿದರು.

"ಎಂಜ್ಲು ಒಂದ್ ಸೊಟ್ಟೂ, ಒಂದ್ ಹನೀನೂ ತಾಕಬಾರ್ದಮ್ಮ," ಅಂದರು. "ತಾಕಿದ್ರೆ ಮೇಲೆ ಕೂತಂಗೆ ಕಾಣುತ್ತೆ, ಆದ್ರೆ ಹಿಡಿಯಲ್ಲ."

ಮೊದಲು ಹುಳಿ ಔಷಧಿ ಹಚ್ಚಿ, ತೊಳೆದು, ಗಾಳಿ ಊದಿ ಒಣಗಿಸಿದರು. ಹಲ್ಲು ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿತು. ಗಾಜಿನ ಬಿಲ್ಲೆಯ ಮೇಲೆ ಎರಡು ಬಾಟಲಿಯ ಹನಿ ಬೆರೆಸಿ ಸಣ್ಣ ಕುಂಚದಿಂದ ಲೇಪಿಸಿದರು. ಸ್ವಲ್ಪ ಹೊತ್ತಿಗೆ ಅದು ಗಟ್ಟಿಯಾಯಿತು. ಹೀಗೆ ಮೂರು ಹಲ್ಲು ಮುಗಿದವು. ಮಗ್ಗದ ಕೈ ಒಂದಿಷ್ಟೂ ಅಲುಗುವುದಿಲ್ಲ ಎಂದು ಅವರು ಹೊಗಳಿದರು. ನಾನೂ ಉಬ್ಬಿದೆ.

ನಾಲ್ಕನೆಯದು ಕೆಳಗೆ ಎಡಕ್ಕೆ, ದೊಡ್ಡವಳು ಕಳೆದುಕೊಂಡಿದ್ದಳಲ್ಲ, ಅದೇ ಹಲ್ಲು. ಒಣಗಿಸಿಟ್ಟು ಡಾಕ್ಟರು ಹನಿ ಬೆರೆಸಲು ಆಚೆ ತಿರುಗಿದರು. ಹಲ್ಲಿನ ಮೇಲೆ ಹತ್ತಿಯ ಒಂದು ಎಳೆ ಬಿದ್ದಿರುವುದು ಕಾಣಿಸಿತು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಅದನ್ನು ಎತ್ತಿದೆ. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವಾಗಲೇ ನಾನು ಮಾಡಿದ್ದೇನೆಂದು ಹೊಳೆದದ್ದು. ಅಷ್ಟರಲ್ಲಿ ಕುಂಚ ಹಲ್ಲಿನ ಮೇಲಿತ್ತು. ಬಾಯಿ ತೆರೆದು ಮಲಗಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಆಗಲೇ ಹೇಳಬಹುದಿತ್ತು. ಓದಿದವರ ಮುಂದೆ, ಈಗ ತಾನೇ ನನ್ನ ಕೈ ಹೊಗಳಿದವರ ಮುಂದೆ, ಮಗುವಿನ ಬಾಯಿಗೆ ಎಂಜಲು ಬೆರಳು ಇಟ್ಟೆ ಎನ್ನಲು ನಾಚಿಕೆಯಾಯಿತು. ಸುಮ್ಮನಾದೆ.

ಮನೆಗೆ ಬಂದ ಮೇಲೆ ದಿನಾ ಅವಳ ಬಾಯಿ ತೆರೆಸಿ ನೋಡುತ್ತಿದ್ದೆ. ನಾಲ್ಕೂ ಹಲ್ಲು ಒಂದೇ ಥರ ಕಾಣುತ್ತಿದ್ದವು. ಹಿಡಿದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆಡಿ ತಿಂಗಳಲ್ಲಿ, ಆಷಾಢದ ಗಾಳಿ ಬೀಸುವ ಹೊತ್ತಿನಲ್ಲಿ, ಒಂದು ಸಂಜೆ ಇಬ್ಬರೂ ಜಗಲಿಯ ಮೇಲೆ ಬೆಲ್ಲ ತಿನ್ನುತ್ತ ಕೂತಿದ್ದರು. ದೊಡ್ಡವಳು ಬಲಗಡೆ ಮಾತ್ರ ಅಗಿಯುತ್ತಿದ್ದಳು. ಚಿಕ್ಕವಳು ಎರಡೂ ಕಡೆ, ಧೈರ್ಯವಾಗಿ. ನನಗೆ ತಡೆಯಲಾಗಲಿಲ್ಲ. ಮರುದಿನ ಮಗ್ಗ ಬಿಟ್ಟು ಚಿಕ್ಕವಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಅವರು ಸೂಜಿಯ ಮೊನೆಯಿಂದ ಒಂದೊಂದನ್ನೇ ಕೆದಕಿ ನೋಡಿದರು. ಮೂರು ಜಪ್ಪಯ್ಯ ಅನ್ನಲಿಲ್ಲ. ನಾಲ್ಕನೆಯದು ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು.

"ಹಲ್ಲು ಚೆನ್ನಾಗೇ ಐತೆ," ಅಂದರು. "ನೀವು ಹೇಳಿದ್ದು ಒಳ್ಳೇದಾಯ್ತು."

ಹೊಸದಾಗಿ ಲೇಪ ಹಾಕಲು ಆ ದಿನ ಸಹಾಯಕಿ ಇದ್ದಳು. ನನಗೆ ಕೆಲಸವಿರಲಿಲ್ಲ. ಆದರೂ ಮಗಳು ನನ್ನ ಎರಡೂ ಕೈಗಳನ್ನು ಎಳೆದು ಎದೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಬಿಗಿಯಾಗಿ ಹಿಡಿದಿದ್ದಳು. ಭಯವಾಯಿತಾ ಎಂದು ಡಾಕ್ಟರು ಕೇಳಿದ್ದಕ್ಕೆ, ಭಯವಿಲ್ಲ, ಅವ್ವನ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಹಿಡಿದುಕೊಂಡೆ ಅಂದಳು.

ಒಂದು ಹೇಳಿಯಾದ ಮೇಲೆ ಇನ್ನೊಂದನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಮನೆಗೆ ಬಂದವಳೇ ದೊಡ್ಡವಳನ್ನು ಹತ್ತಿರ ಕೂರಿಸಿಕೊಂಡು, ಆ ಹಲ್ಲು ಮತ್ತೆ ಬರುವುದಿಲ್ಲ, ತಪ್ಪು ನನ್ನದು ಅಂದೆ. ಅವಳು ಅಳಲಿಲ್ಲ.

"ಹಂಗಾದ್ರೆ ಆ ಹಲ್ನ ಸೂರ್ ಮೇಲಿಂದ ತೆಗ್ದು ಕೊಡವ್ವ," ಅಂದಳು. "ನಾನೇ ಇಟ್ಕೋತೀನಿ."

ಏಣಿ ಇಟ್ಟು ಹತ್ತಿದೆ. ಆಡಿ ಗಾಳಿ ಹೆಂಚಿನ ಮೇಲೆ ಏನೂ ಉಳಿಸದೆ ಗುಡಿಸಿಟ್ಟಿತ್ತು.